ಗೋಶಾಲೆಯೂ ಪಾಠಶಾಲೆಯೂ

ಶಾಲೆಯೆಂಬ ಮಾತು ಕಿವಿಗೆ ಬಿದ್ದ ಕೂಡಲೆ ಮಕ್ಕಳು, ಮೇಷ್ಟರು, ಕರಿಯ ಹಲಗೆ, ಇವು ನೆನಪಿಗೆ ಬರುವುದು ಸಹಜ. ಆದರೆ ಸಂಸ್ಕೃತದಲ್ಲಿ ಆ ಶಬ್ದಕ್ಕೆ ಮೊದಲಿದ್ದ ಅರ್ಥ ಇದಲ್ಲ. ಮೇಲೆ ಸೂರಿದ್ದು ಕೆಳಗೆ ನಾಲ್ಕು ಜನ ಇರುವುದಕ್ಕೆ ಎಡೆಯಿದ್ದರೆ ಅದು ಶಾಲೆ. ದನ ಕಟ್ಟಿದರೆ ಗೋಶಾಲೆ, ಕುದುರೆ ಕಟ್ಟಿದರೆ ಅಶ್ವಶಾಲೆ, ಒಲೆ ಹೂಡಿದರೆ ಪಾಕಶಾಲೆ, ಹುಡುಗರು ಕುಳಿತು ಓದಿದರೆ ಪಾಠಶಾಲೆ. ಸೂರು ಒಂದೇ, ಅದರ ಕೆಳಗೆ ಇರುವವರು ಯಾರು ಎಂಬುದರ ಮೇಲೆ ಹೆಸರು. ನಮ್ಮವರು ಈ ಮಾತನ್ನು 'ಸಾಲೆ' ಎಂದು ಮೆತ್ತಗೆ ಮಾಡಿಕೊಂಡು ಮನೆಯೊಳಗಣ ಒಂದು ಭಾಗಕ್ಕೆ ಪಡಸಾಲೆ ಎಂದು ಹೆಸರಿಟ್ಟರು. ಕಾಲಕ್ರಮದಲ್ಲಿ ಉಳಿದ ಶಾಲೆಗಳೆಲ್ಲ ಹಿಂದಕ್ಕೆ ಸರಿದವು. ಪಾಠಶಾಲೆಯೊಂದೇ ಬರಿಯ 'ಶಾಲೆ' ಎಂಬ ಹೆಸರನ್ನು ತನ್ನ ಸ್ವತ್ತಾಗಿ ಮಾಡಿಕೊಂಡಿತು. ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಇದು ನಿಘಂಟಿನ ವಿಷಯವಾಗಿತ್ತು. ಮುಂದೆ ಹದಿನಾಲ್ಕು ವರ್ಷ ಒಂದು ಕೊಟ್ಟಿಗೆಯಲ್ಲಿ ನಿಂತು ಪಾಠ ಹೇಳಿದೆನಾಗಿ, ಅನುಭವದ ವಿಷಯವೂ ಆಯಿತು.

ಅಥರ್ವವೇದದ ಒಂಬತ್ತನೆಯ ಕಾಂಡದಲ್ಲಿ ಶಾಲೆಯನ್ನು ಕುರಿತ ಒಂದು ಸೂಕ್ತವುಂಟು. ಅದರಲ್ಲಿ ಬರುವ ಶಾಲೆ ಕಲ್ಲಿನದಲ್ಲ, ಇಟ್ಟಿಗೆಯದಲ್ಲ, ಮರದ್ದು. ನಿಲ್ಲಿಸಿದ ಕಂಬ, ಅದಕ್ಕೆ ಕೊಟ್ಟ ಆನಿಕೆ, ಮೇಲಿನ ಅಡ್ಡತೊಲೆ, ಬಿದಿರು, ಹುಲ್ಲಿನ ಹೊದಿಕೆ, ಇವನ್ನೆಲ್ಲ ಬಿಗಿದ ಹಗ್ಗದ ಗಂಟುಗಳು, ಎಲ್ಲವನ್ನೂ ಋಷಿ ಒಂದೊಂದಾಗಿ ಹೆಸರಿಸುತ್ತಾನೆ. ಆಶ್ಚರ್ಯವೇನೆಂದರೆ ಇದು ಗಂಟು ಹಾಕುವ ಸೂಕ್ತವಲ್ಲ, ಬಿಚ್ಚುವ ಸೂಕ್ತ. ಮನೆಯನ್ನು ಮತ್ತೊಬ್ಬರಿಗೆ ದಾನವಾಗಿ ಕೊಡುವಾಗ ಹೇಳತಕ್ಕದ್ದೆಂದು ಸಂಪ್ರದಾಯದಲ್ಲಿ ಇದಕ್ಕೆ ವಿನಿಯೋಗ. ಬಾಲ್ಯದಲ್ಲಿ ನನಗೆ ಇದು ವಿಚಿತ್ರವಾಗಿ ಕಂಡಿತ್ತು. ಮನೆಯನ್ನು ಕೊಡುವವನು ಇದ್ದಂತೆಯೇ ಕೊಡಬಾರದೆ? ಗಂಟನ್ನು ಏತಕ್ಕೆ ಬಿಚ್ಚಬೇಕು? ಈ ಪ್ರಶ್ನೆಗೆ ಉತ್ತರ ನನಗೆ ಗುರುಗಳಿಂದ ದೊರೆತದ್ದಲ್ಲ. ಮಾಸ್ತಿಯ ಸೀಮೆಯ ಒಂದು ಹಳೆಯ ಮನೆಯಿಂದ ದೊರೆಯಿತು.

ಮಾಸ್ತಿ ಎಂದೊಡನೆ ಈ ಪತ್ರಿಕೆಯ ವಾಚಕರಿಗೆ ಊರಿಗಿಂತ ಮೊದಲು ಆ ಹೆಸರಿನ ಹಿರಿಯರೇ ನೆನಪಾಗುವರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ೧೮೯೧ರ ಜೂನ್ ೬ರಂದು ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಹುಟ್ಟಿ, ಬಾಲ್ಯವನ್ನು ಮಾಸ್ತಿಯಲ್ಲಿ ಕಳೆದರು. ಆ ಊರಿನಲ್ಲಿರುವ ಅವರ ಮನೆಯನ್ನು ಸರ್ಕಾರದವರು ಗ್ರಂಥಾಲಯವಾಗಿ ಮಾಡಿದರು. ೨೦೦೬-೦೭ರಲ್ಲಿ ಅವರ ನೆನಪಿಗಾಗಿ ಅಲ್ಲಿ ವಸತಿಶಾಲೆಯೊಂದೂ ಆರಂಭವಾಯಿತು. ಕಥೆಗಾರರ ಮನೆ ಪುಸ್ತಕಗಳ ಮನೆಯಾದುದು ಉಚಿತವೇ ಸರಿ. ನಾನು ಹೇಳಲಿರುವ ಮನೆಗೆ ಅಂತಹ ಕೀರ್ತಿಯೇನೂ ಇಲ್ಲ. ಅದು ಅದೇ ಹೋಬಳಿಯ ಒಂದು ಸಣ್ಣ ಹಳ್ಳಿಯಲ್ಲಿ ಒಕ್ಕಲುತನದ ಕುಟುಂಬವೊಂದು ಬಾಳಿದ ಮನೆ. ಅದರ ವಿಷಯದಲ್ಲಿ ಊರಿನಲ್ಲಿ ಎದ್ದ ಮಾತು ಇನ್ನೂ ಪೂರ್ತಿಯಾಗಿ ಆರಿಲ್ಲ. ಆದುದರಿಂದ ಊರಿನ ಹೆಸರನ್ನು ಹೇಳದೆ ಬಿಡುತ್ತೇನೆ.

ಬೀದಿಯ ಕಡೆಗೆ ಕಲ್ಲುಚಪ್ಪಡಿಯ ಜಗಲಿ, ಜಗಲಿಯ ಮೇಲೆ ನಾಲ್ಕು ಕಂಬ. ಒಳಗೆ ಪಡಸಾಲೆ, ಅದನ್ನು ದಾಟಿದರೆ ಆಕಾಶಕ್ಕೆ ತೆರೆದ ತೊಟ್ಟಿ, ತೊಟ್ಟಿಯ ಸುತ್ತ ಹನ್ನೆರಡು ಕಂಬ. ಬಲಗಡೆ ಅಡಿಗೆಯ ಮನೆ, ಎದುರಿಗೆ ನಡುಮನೆ, ನಡುಮನೆಯ ಮೂಲೆಯಲ್ಲಿ ದೇವರ ಮನೆ. ಹಿತ್ತಿಲಿನ ಕಡೆಗೆ ಮನೆಗೆ ಹೊಂದಿಕೊಂಡಂತೆಯೇ ಉದ್ದನೆಯ ಕೊಟ್ಟಿಗೆ, ಕೊಟ್ಟಿಗೆಯ ಮೇಲೆ ಹುಲ್ಲು ತುಂಬುವ ಅಟ್ಟ, ಅದರಾಚೆಗೆ ಕಣ. ಗ್ರಂಥಗಳಲ್ಲಿ ಇಂತಹ ಮನೆಗೆ ಚತುಃಶಾಲವೆಂದು ಹೆಸರು: ನಡುವಣ ಅಂಗಳವನ್ನು ನಾಲ್ಕು ಕಡೆಯಿಂದ ನಾಲ್ಕು ಶಾಲೆಗಳು ಸುತ್ತುವರಿದದ್ದು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಇದರ ಭೇದಗಳಿಗೆ ಸರ್ವತೋಭದ್ರ, ನಂದ್ಯಾವರ್ತ ಎಂದು ಮುಂತಾಗಿ ದೊಡ್ಡ ಹೆಸರುಗಳನ್ನು ಕೊಟ್ಟಿದ್ದಾನೆ. ನಮ್ಮ ಗೌಡರ ಮನೆ ಸರ್ವತೋಭದ್ರವೋ ಅಲ್ಲವೋ ಎಂದು ನಾನು ಒಂದು ಸಲ ಹಗ್ಗ ಹಿಡಿದು ಅಳೆಯಹೊರಟಿದ್ದೆ. ಹುಡುಗರು ಹಗ್ಗದ ಇನ್ನೊಂದು ತುದಿಯನ್ನು ಕೊಂಡೊಯ್ದು ಆಟಕ್ಕೆ ಉಪಯೋಗಿಸಿದುದರಿಂದ ಆ ಸಂಶೋಧನೆ ಮುಂದುವರಿಯಲಿಲ್ಲ.

ಕೋಲಾರದ ಸೀಮೆಯಲ್ಲಿ ಬಂಡೆಗೆ ಬಡತನವಿಲ್ಲ. ಹೊಲದ ಬೇಲಿಗೂ ಕಲ್ಲುಚಪ್ಪಡಿಯನ್ನೇ ನೆಡುತ್ತೇವೆ. ಬಡತನವಿರುವುದು ನೀರಿಗೆ, ಮರಕ್ಕೆ. ಹೀಗಿದ್ದೂ ಆ ಮನೆಯನ್ನು ಕಟ್ಟಿದವರು ಭಾರವನ್ನು ಮರಕ್ಕೆ ವಹಿಸಿದ್ದರು. ಗೋಡೆಗಳು ಮಣ್ಣಿನವು, ಒಂದು ಮೊಳಕ್ಕೂ ಮಿಕ್ಕ ದಪ್ಪ. ಆದರೆ ಗೋಡೆಯ ಒಳಗೂ ಅಲ್ಲಲ್ಲಿ ಕಂಬಗಳು ಅಡಗಿದ್ದವು. ಕಂಬದ ಕೆಳಗೆ ಕಲ್ಲು, ನೆಲದ ತೇವ ಮರಕ್ಕೆ ಏರದಿರಲೆಂದು. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ. ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ ಇನ್ನೊಂದರ ತೂತಿನಲ್ಲಿ ಕೂಡಿಸಿ ಬೆಣೆ ಹೊಡೆದಿದ್ದರು. ಬಾಗಿಲುಗಳನ್ನು ಬಿಟ್ಟರೆ ಕಬ್ಬಿಣದ ಮೊಳೆಯೆಂಬುದು ಬೇರೆಲ್ಲಿಯೂ ಇರಲಿಲ್ಲ. ಬಾಗಿಲುವಾಡಕ್ಕೆ ತೇಗ, ಉಳಿದದ್ದೆಲ್ಲ ಹಲಸು, ಬೇವು, ಊರ ಸುತ್ತಮುತ್ತ ಬೆಳೆದವು. ಹಿಂಗಾರಿನಲ್ಲಿ ಒಂದು ವರ್ಷ ಹಗಲೂ ಇರುಳೂ ಮಳೆ ಹಿಡಿದು ಅಡಿಗೆಮನೆಯ ಹೊರಗೋಡೆ ಮೂರು ಮಾರಿನಷ್ಟು ಕುಸಿಯಿತು. ನಾವು ಮಕ್ಕಳನ್ನು ಹೊರಕ್ಕೆ ಕರೆದುಕೊಂಡು ಹೋಗಿ ನಿಂತು ನೋಡಿದೆವು. ಗೋಡೆಯಿದ್ದ ಎಡೆಯಲ್ಲಿ ಬಯಲು. ಅದರ ಮೇಲಿನ ಮಾಳಿಗೆ ಮಾತ್ರ ಕಂಬಗಳ ಮೇಲೆ ಏನೂ ನಡೆಯಲಿಲ್ಲವೆಂಬಂತೆ ನಿಂತಿತ್ತು.

ಮಾಳಿಗೆ ಎಂದೆ. ಮಲೆನಾಡಿನವರಿಗೆ ಇದು ಸುಲಭವಾಗಿ ಅರ್ಥವಾಗದು. ಕುಪ್ಪಳಿಯಲ್ಲಿರುವ ಕುವೆಂಪು ಅವರ ಮನೆಯನ್ನು ನೋಡಿದವರು ಅದರ ಇಳಿಜಾರಿನ ಹೆಂಚಿನ ಮಾಡನ್ನೂ ಮುಗಿಲೆತ್ತರದ ಮುಂಡಿಗೆಗಳನ್ನೂ ನೆನೆಯಬಹುದು. ಅಲ್ಲಿಯ ಮಳೆಗೆ ಅದು ತಕ್ಕದ್ದು. ನಮ್ಮಲ್ಲಿ ಮಳೆ ಕಡಮೆ. ಜಂತೆಯ ಮೇಲೆ ಸೊಪ್ಪುಕಡ್ಡಿ ಹರಡಿ, ಅದರ ಮೇಲೆ ಮಣ್ಣು ಬಡಿದು ಮಟ್ಟಮಾಡಿದರೆ ಸಾಕು. ಬೇಸಗೆಯಲ್ಲಿ ಅದರಷ್ಟು ತಂಪಾದ ಮನೆ ಬೇರಿಲ್ಲ. ಕೊಟ್ಟಿಗೆಗೆ ಮಾತ್ರ ಮಂಗಳೂರು ಹೆಂಚು ಹೊದಿಸಿದ್ದರು. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹೂಡಿದ ಹೆಂಚಿನ ಕೈಗಾರಿಕೆ ಘಟ್ಟ ಹತ್ತಿ ಬಂದು ನಮ್ಮ ಬಯಲುಸೀಮೆಯ ದನಗಳಿಗೂ ನೆರಳಾಯಿತು. ಕುಪ್ಪಳಿಯ ಮಾತು ಬಂದುದರಿಂದ ಇನ್ನೊಂದನ್ನು ಹೇಳುತ್ತೇನೆ. ಬಾಲಕ ಪುಟ್ಟಪ್ಪನವರು ಮೊದಲು ಓದಿದುದು ತೀರ್ಥಹಳ್ಳಿಯ ಶಾಲೆಯಲ್ಲಲ್ಲ. ದಕ್ಷಿಣ ಕನ್ನಡದಿಂದ ಬಂದ ಐಗಳು ಆ ಮನೆಯಲ್ಲಿಯೇ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳುತ್ತಿದ್ದರು. ಹಿಂದೆ ನಮ್ಮ ನಾಡಿನಲ್ಲೆಲ್ಲ ಕೂಲಿಮಠಗಳು ನಡೆದುದು ಇಂತಹ ಜಗಲಿಗಳ ಮೇಲೆ, ದೇವಸ್ಥಾನದ ಕೈಸಾಲೆಗಳಲ್ಲಿ, ಚಾವಡಿಗಳಲ್ಲಿ. ಶಾಲೆಗೆಂದೇ ಕಟ್ಟಡ ಬೇಕೆಂಬುದು ಈಚಿನ ಮಾತು.

ನಾನು ೧೯೯೨ರಲ್ಲಿ ಆ ಊರಿಗೆ ವರ್ಗವಾಗಿ ಹೋದೆ. ಅದಕ್ಕೆ ನಾಲ್ಕು ವರ್ಷ ಹಿಂದೆ ಗೌಡರ ಕುಟುಂಬ ಮಾಲೂರಿನಲ್ಲಿ ನೆಲಸಿ, ಮನೆ ಕೊಟ್ಟಿಗೆಗಳನ್ನು ಶಾಲೆಗೆಂದು ಬರೆದುಕೊಟ್ಟಿತ್ತು. ಅಲ್ಲಿಯತನಕ ಶಾಲೆ ಗುಡಿಯ ಮಂಟಪದಲ್ಲಿ ನಡೆಯುತ್ತಿತ್ತಂತೆ. ಭೂಮಿಯ ಒಡೆಯರು ತಮ್ಮ ಮನೆಯನ್ನು ರೈತಮಕ್ಕಳ ಓದಿಗೆ ತೆರೆದುದು ಲೋಕದಲ್ಲಿ ಇದೇ ಮೊದಲಲ್ಲ. ರಷ್ಯದ ಟಾಲ್‌ಸ್ಟಾಯ್ ೧೮೫೯ರಲ್ಲಿ ಯಾಸ್ನಾಯಾ ಪೋಲ್ಯಾನಾದ ತನ್ನ ಮನೆಯಾವರಣದಲ್ಲಿಯೇ ಒಕ್ಕಲಮಕ್ಕಳಿಗಾಗಿ ಶಾಲೆ ಮಾಡಿದನು. ಟಾಲ್‌ಸ್ಟಾಯ್ ತಾನೂ ಅಲ್ಲಿಯೇ ಇದ್ದನು. ನಮ್ಮ ಗೌಡರು ಮನೆಯನ್ನು ಕೊಟ್ಟು ಹೊರಟರು. ಎರಡರಲ್ಲಿ ಯಾವುದು ಕಷ್ಟವೆಂದು ಹೇಳುವುದು ಸುಲಭವಲ್ಲ.

ದನಗಳಿಗೆ ಕಟ್ಟಿದ ಮನೆಯನ್ನು ಮಕ್ಕಳಿಗೆ ಒಗ್ಗಿಸುವುದು ಹೇಳಿದಷ್ಟು ಹಗುರವಲ್ಲ. ಕೊಟ್ಟಿಗೆಯ ನೆಲ ಗಂಜಲ ಹರಿದುಹೋಗಲೆಂದು ಒಂದು ಕಡೆಗೆ ಇಳುಕಲಾಗಿತ್ತು. ಹುಡುಗರನ್ನು ಸಾಲಾಗಿ ಕೂರಿಸಿದರೆ ಅರ್ಧ ಗಂಟೆಯಲ್ಲಿ ಎಲ್ಲರೂ ಕೆಳಗಿನ ಗೋಡೆಯ ಬಳಿಗೆ ಸೇರುತ್ತಿದ್ದರು. ಮೊದಲು ಅದನ್ನು ಮಟ್ಟಮಾಡಿಸಿದೆವು. ಗೋದಲೆಯನ್ನು ಒಡೆಯದೆ ಪುಸ್ತಕ, ಸ್ಲೇಟು ಇಡುವುದಕ್ಕೆ ಇಟ್ಟುಕೊಂಡೆವು. ಅದರ ಅಂಚು ದನಗಳ ಕೊರಳು ಉಜ್ಜಿ ಉಜ್ಜಿ ಕನ್ನಡಿಯಂತಾಗಿತ್ತು. ನಡುಮನೆಯಲ್ಲಿ ಹಗಲಿನಲ್ಲಿಯೂ ಕತ್ತಲೆ. ಮಾಳಿಗೆಯಲ್ಲಿದ್ದ ಬೆಳಕಿಂಡಿಗಳನ್ನು ಅಗಲಮಾಡಿಸಿ ಗಾಜು ಹಾಕಿಸಿದೆವು. ಕೊಟ್ಟಿಗೆಯಲ್ಲಿ ನಾಲ್ಕು ಹೆಂಚು ತೆಗೆದು ಗಾಜಿನ ಹೆಂಚು ಇಟ್ಟೆವು. ಗಾಜಿನ ಹೆಂಚಿನಿಂದ ಬಿದ್ದ ಬಿಸಿಲಿನ ಚೌಕ ನೆಲದ ಮೇಲೆ ನಡೆಯುವುದನ್ನು ಗುರುತುಹಾಕಿಕೊಂಡು ಹುಡುಗರು ಊಟದ ಗಂಟೆಯನ್ನು ನನಗಿಂತ ಸರಿಯಾಗಿ ಹೇಳುತ್ತಿದ್ದರು. ಮಗ್ಗಿ ಕಲಿಸುವುದಕ್ಕೆ ಜಂತೆಗಳಿದ್ದವು. ಒಂದು ಅಂಕಣಕ್ಕೆ ಏಳು ಜಂತೆಯಾದರೆ ಐದು ಅಂಕಣಕ್ಕೆ ಎಷ್ಟು ಎಂದು ತಲೆಯೆತ್ತಿ ಎಣಿಸಿದ ಹುಡುಗನು ಏಳನೆಯ ಮಗ್ಗಿಯನ್ನು ಮರೆಯುವುದಿಲ್ಲ. ಒಂದು ತೊಂದರೆ ಮಾತ್ರ ಕೊನೆಯವರೆಗೂ ನೀಗಲಿಲ್ಲ. ತೊಟ್ಟಿಯ ಈಚೆ ಬದಿಯಲ್ಲಿ ನಾನು ಪದ್ಯ ಹೇಳಿದರೆ ಆಚೆಯ ಬದಿಯಲ್ಲಿ ಲೆಕ್ಕ ಮಾಡುತ್ತಿದ್ದವರು ಬಾಯಿಪಾಠ ಮಾಡಿಬಿಡುತ್ತಿದ್ದರು. ನಮ್ಮ ಕಡೆಯವರು ಅವರ ಲೆಕ್ಕದ ಉತ್ತರವನ್ನು ಕೂಗುತ್ತಿದ್ದರು.

ಇನ್ನು ತರಗತಿಗಳ ಹಂಚಿಕೆ. ನಾನು ಹೋದಾಗ ಒಂದು, ಎರಡನೆಯ ತರಗತಿಗಳು ಕೊಟ್ಟಿಗೆಯಲ್ಲಿಯೂ ದೊಡ್ಡ ತರಗತಿಗಳು ಮನೆಯೊಳಗೂ ನಡೆಯುತ್ತಿದ್ದುವು. ನೋಡುವುದಕ್ಕೆ ಇದರಲ್ಲಿ ವಿಶೇಷವೇನೂ ಇಲ್ಲ. ಆದರೆ ಕೇರಿಯ ಮಕ್ಕಳಲ್ಲಿ ಬಹುಮಂದಿ ಮೂರನೆಯ ತರಗತಿಯನ್ನು ಮುಟ್ಟುವುದರೊಳಗೆ ಕುರಿಯ ಹಿಂದೆಯೋ ಕೂಲಿಗೋ ಹೊರಟುಹೋಗುತ್ತಿದ್ದರು. ಹೀಗಾಗಿ ಅವರ ಓದು ಕೊಟ್ಟಿಗೆಯಲ್ಲಿ ಆರಂಭವಾಗಿ ಕೊಟ್ಟಿಗೆಯಲ್ಲಿಯೇ ಮುಗಿಯುತ್ತಿತ್ತು. ಅವರ ಅಜ್ಜಂದಿರು ಆ ಮನೆಯ ಜಗಲಿಯನ್ನು ಹತ್ತಿದವರಲ್ಲ. ಹಿತ್ತಿಲಿನ ದಾರಿಯಿಂದ ಬಂದು ಕೊಟ್ಟಿಗೆಯ ಕೆಲಸ ಮುಗಿಸಿ ಹಿತ್ತಿಲಿನ ದಾರಿಯಿಂದಲೇ ಹೋದವರು. ಮೊಮ್ಮಕ್ಕಳೂ ಅದೇ ದಾರಿಯಲ್ಲಿ ಬಂದು ಹೋಗುತ್ತಿದ್ದರು. ಹೀಗೆ ಮಾಡಬೇಕೆಂದು ಯಾರೂ ಆಜ್ಞೆಮಾಡಿದ್ದಿಲ್ಲ. ಹಳೆಯ ಮನೆಯ ಗೋಡೆಗಳಿಗೆ ಇಂತಹ ನೆನಪು ಬಹಳ.

ನಾನು ಆ ಹಂಚಿಕೆಯನ್ನು ಬದಲಾಯಿಸಿದುದಕ್ಕೆ ಕಾರಣ ದೊಡ್ಡ ತತ್ತ್ವವೇನೂ ಅಲ್ಲ. ಕೊಟ್ಟಿಗೆಗೆ ಮೂರು ಕಡೆ ಬಾಗಿಲು. ಒಂದನೆಯ ತರಗತಿಯ ಮಕ್ಕಳು ನಾನು ಹಲಗೆಯ ಕಡೆ ತಿರುಗಿದ ಕೂಡಲೆ ಕಣದಲ್ಲಿರುತ್ತಿದ್ದರು. ನಡುಮನೆಗಾದರೆ ಒಂದೇ ಬಾಗಿಲು. ಸಣ್ಣವರನ್ನು ಒಳಕ್ಕೆ ತಂದು ದೊಡ್ಡವರನ್ನು ಕೊಟ್ಟಿಗೆಗೆ ಕಳುಹಿಸಿದೆ. ಮೊದಲನೆಯ ದಿನ ಕೇರಿಯ ಮಕ್ಕಳು ಹೊಸ್ತಿಲಿನ ಹೊರಗೆ ಸಾಲಾಗಿ ನಿಂತುಬಿಟ್ಟರು. ಕೈಹಿಡಿದು ಕರೆದರೂ ಬರಲೊಲ್ಲರು. ಆರು ವರ್ಷದ ಮಕ್ಕಳಿಗೆ ಇದನ್ನು ಕಲಿಸಿದವರು ಯಾರು, ಯಾವ ಪುಸ್ತಕದಿಂದ ಕಲಿಸಿದರು? ಒಂದು ಹುಡುಗಿ ತನ್ನ ಸ್ಲೇಟನ್ನು ಮೊದಲು ಒಳಗಿಟ್ಟು, ಅದಕ್ಕೆ ಏನೂ ಆಗಲಿಲ್ಲವೆಂದು ನೋಡಿಕೊಂಡು, ಆಮೇಲೆ ತಾನು ದಾಟಿದಳು. ಅವಳ ಹಿಂದೆ ಉಳಿದವರು ಬಂದರು.

ಊರಿನ ಕೆಲವರು ಇದನ್ನು ಮಾಲೂರಿಗೆ ಹೇಳಿಕಳುಹಿಸಿದರು. ದೇವರ ಮನೆಯ ವಿಚಾರವೂ ಇದರೊಡನೆ ಬೆರೆಯಿತು. ಮನೆಯನ್ನು ಕೊಡುವಾಗ ಗೌಡರ ತಾಯಿ ದೇವರ ಮನೆಗೆ ಬೀಗ ಹಾಕಿಸಿ ಬೀಗದ ಕೈಯನ್ನು ತಾವೇ ಇಟ್ಟುಕೊಂಡಿದ್ದರು. ಎಂಬತ್ತು ದಾಟಿದ ಹಿರಿಯರು. ದೇವರ ಪಟಗಳನ್ನೂ ವಿಗ್ರಹಗಳನ್ನೂ ಮಾಲೂರಿಗೆ ಒಯ್ದಿದ್ದರೂ ಆ ಎಡೆಯನ್ನು ಮಾತ್ರ ಮೈಲಿಗೆಯಾಗದಂತೆ ಉಳಿಸಬೇಕೆಂದು ಅವರ ಅಭಿಲಾಷೆ. ಆ ವರ್ಷ ಊರಹಬ್ಬಕ್ಕೆ ಬಂದಾಗ ಅವರು ನೇರವಾಗಿ ಶಾಲೆಗೆ ಬಂದರು. ಮಕ್ಕಳು ನಡುಮನೆಯಲ್ಲಿ ಕುಳಿತು ಕಾಗುಣಿತ ಹೇಳುತ್ತಿದ್ದರು. ಅವರು ಯಾರನ್ನೂ ಏನೂ ಕೇಳದೆ ಮಕ್ಕಳ ನಡುವೆಯೇ ಹಾದುಹೋಗಿ ಬೀಗ ತೆಗೆದರು.

ಮನೆಯಲ್ಲೆಲ್ಲ ಹಾಳಾಗಿದ್ದುದು ಆ ಒಂದು ಕೋಣೆ. ಮಕ್ಕಳು ಉಸಿರಾಡಿ, ಗುಡಿಸಿ, ಸಾರಿಸಿ, ಕಿರಿಚಿ, ಓಡಾಡಿದ ಕೋಣೆಗಳಿಗೆ ಏನೂ ಆಗಿರಲಿಲ್ಲ. ಗಾಳಿ ಬೆಳಕಿಲ್ಲದೆ ಐದು ವರ್ಷ ಮುಚ್ಚಿದ್ದ ದೇವರ ಮನೆಯ ಜಂತೆಗಳಲ್ಲಿ ಎರಡನ್ನು ಗೆದ್ದಲು ಒಳಗೊಳಗೆ ತಿಂದು ಬರಿಯ ಸಿಪ್ಪೆ ಉಳಿಸಿತ್ತು. ಗೋಡೆಯ ಮೇಲೆ ಮಣ್ಣಿನ ಗೆರೆಗಳು ಬೇರಿನಂತೆ ಹಬ್ಬಿದ್ದುವು. ಅವರು ಕೈಯಿಂದ ಜಂತೆಯ ತುದಿಯನ್ನು ಮುಟ್ಟಿದರು. ಅದು ಹುಡಿಯಾಗಿ ಉದುರಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ಕೊಟ್ಟದ್ದು ಕೊಟ್ಟಾಯ್ತು. ಹೊಸ್ತಿಲು ಮಾತ್ರ ನಂದು ಅಂದ್ರೆ ಯಾರು ಕೇಳ್ತಾರೆ? ಗೆದ್ದಲೂ ಕೇಳಲ್ಲ" ಎಂದರು. ನಾನು, "ತಾಯಿ, ತಮ್ಮ ಮನಸ್ಸಿಗೆ ನೋವಾಗುವುದಾದರೆ..." ಎಂದೆ. "ನೋವಾಗದೆ ಏನು? ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಹದಿಮೂರು ವರ್ಷ. ಆದ್ರೂ ಮಕ್ಕಳು ಇದ್ದ ಕಡೆ ಮರ ಗಟ್ಟಿಯಾಗಿದೆ ನೋಡಿ" ಎಂದು ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ತರಗತಿಯ ಹಂಚಿಕೆಯ ವಿಷಯವನ್ನು ಅವರು ಎತ್ತಲಿಲ್ಲ. ಅವರೇ ಎತ್ತದ ಮೇಲೆ ಉಳಿದವರೂ ಎತ್ತಲಿಲ್ಲ.

ಗಂಟು ಬಿಚ್ಚುವ ಸೂಕ್ತದ ಅರ್ಥ ನನಗೆ ಹೊಳೆದುದು ಆ ಹೊತ್ತಿನಲ್ಲಿ. ಭಾಷ್ಯಕಾರರು ಒಪ್ಪುವರೋ ಬಿಡುವರೋ ನಾನರಿಯೆ.

ಕೋಣೆಯನ್ನು ಚೊಕ್ಕಟಮಾಡಿಸಿ ಎರಡು ಜಂತೆಗಳನ್ನು ಬದಲಾಯಿಸಿ, ಬೇವಿನೆಣ್ಣೆ ಬಳಿಸಿ, ಪುಸ್ತಕಗಳನ್ನಿಟ್ಟೆವು. ಹೊಸ ಜಂತೆಗೆ ಮರ ಆರಿಸುವಾಗ ನಮ್ಮ ಆಚಾರರು ಒಂದು ಮಾತು ಹೇಳಿದರು: ಹುತ್ತದ ಮಗ್ಗುಲಲ್ಲಿ ಬೆಳೆದ ಮರ ಬೇಡ. ಬೃಹತ್ಸಂಹಿತೆಯಲ್ಲಿ ಪ್ರತಿಮೆಗೆ ಮರ ತರಲು ಕಾಡಿಗೆ ಹೋಗುವ ವಿಧಿಯನ್ನು ಹೇಳುವೆಡೆ ವರ್ಜಿಸತಕ್ಕ ಮರಗಳ ಪಟ್ಟಿಯಿದೆ. ಸ್ಮಶಾನದ ಮರದೊಂದಿಗೆ ಹುತ್ತದ ಮರವೂ ಅದರಲ್ಲಿ ಸೇರಿದೆ. ಆಚಾರರು ಸಂಸ್ಕೃತವನ್ನು ಓದಿದವರಲ್ಲ. ವರಾಹಮಿಹಿರನು ಯಾರೋ ಆಚಾರರನ್ನು ಕೇಳಿಯೇ ಬರೆದಿರಬೇಕು.

ಮರದ ಮನೆಗೆ ಗೆದ್ದಲಿಗಿಂತ ದೊಡ್ಡ ಶತ್ರು ಬೆಂಕಿ. ೧೯೧೭ರಲ್ಲಿ ಗಾಂಧೀಜಿಯವರು ಚಂಪಾರಣ್ಯದಲ್ಲಿ ಹಳ್ಳಿಶಾಲೆಗಳನ್ನು ತೆರೆದಾಗ ಭೀತಿಹರ್ವಾ ಎಂಬಲ್ಲಿ ಬಿದಿರು ಹುಲ್ಲುಗಳಿಂದ ಕಟ್ಟಿದ್ದ ಶಾಲೆಗೆ ಯಾರೋ ಇರುಳಿನಲ್ಲಿ ಬೆಂಕಿಯಿಟ್ಟರು. ಆ ಶಾಲೆಯ ಹೊಣೆ ಹೊತ್ತಿದ್ದವರು ಕಸ್ತೂರಬಾ ಅವರೂ, ಗಂಗಾಧರರಾವ್ ದೇಶಪಾಂಡೆಯವರು ಬೆಳಗಾವಿಯಿಂದ ಕಳುಹಿಸಿದ್ದ ವಕೀಲ ಸೋಮಣರೂ. ಸೋಮಣರು ಮತ್ತೆ ಹುಲ್ಲಿನ ಗುಡಿಸಲನ್ನು ಕಟ್ಟದೆ ಗಟ್ಟಿಯಾದ ಕಟ್ಟಡವನ್ನೇ ಎಬ್ಬಿಸಿದರು. ಚಂಪಾರಣ್ಯದ ಬೆಂಕಿ ಹಗೆಯವರದು. ಅಡಿಗೆಯ ಬೆಂಕಿಗೆ ಹಗೆತನವೂ ಬೇಕಾಗಿಲ್ಲ. ೨೦೦೪ರ ಜುಲೈ ೧೬ರಂದು ಕುಂಭಕೋಣದ ಒಂದು ಶಾಲೆಯಲ್ಲಿ ಅಡಿಗೆಯ ಮನೆಯಿಂದ ಹೊರಟ ಕಿಚ್ಚು ಗರಿಯ ಸೂರಿಗೆ ಹತ್ತಿ ೯೪ ಮಕ್ಕಳು ಸತ್ತರು. ಅದಕ್ಕೆ ಹಿಂದಿನ ವರ್ಷವೇ ಅಕ್ಷರದಾಸೋಹ ನಮ್ಮ ಕಡೆಗೆ ಬಂದು, ಗೌಡರ ಅಡಿಗೆಮನೆಯಲ್ಲಿ ಮತ್ತೆ ಒಲೆ ಹೊತ್ತಿತ್ತು. ಹಳೆಯ ಒಲೆಗೆ ಮತ್ತೆ ಅನ್ನದ ಭಾಗ್ಯ ಬಂತೆಂದು ನಾವೆಲ್ಲ ಸಂತೋಷಪಟ್ಟಿದ್ದೆವು. ಕುಂಭಕೋಣದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ಆ ಸಂತೋಷ ಮುಗಿಯಿತು. ಮರುದಿನವೇ ಕಣದಲ್ಲಿ ಕಲ್ಲುಚಪ್ಪಡಿ ನಿಲ್ಲಿಸಿ ತಗಡು ಹ���ದಿಸಿ ಒಲೆಯನ್ನು ಅಲ್ಲಿಗೆ ಸಾಗಿಸಿದೆವು. ಅಟ್ಟದಲ್ಲಿ ಉಳಿದಿದ್ದ ಹುಲ್ಲನ್ನೆಲ್ಲ ಇಳಿಸಿ ಹೊರಗೆ ಹಾಕಿಸಿದೆವು. ಗೋಡೆಯಿಂದ ಮುಚ್ಚಿದ್ದ ಪಕ್ಕದ ಬಾಗಿಲನ್ನು ಒಡೆದು ತೆರೆಯಿಸಿದೆವು. ಒಂದೇ ಬಾಗಿಲಿನ ನಡುಮನೆ ಸಣ್ಣವರಿಗೆ ಅನುಕೂಲವೆಂದು ಮೇಲೆ ಹೇಳಿದೆನಷ್ಟೆ; ಬೆಂಕಿಗೂ ಅದೇ ಅನುಕೂಲ. ಆದುದರಿಂದ ಅದಕ್ಕೂ ತೊಟ್ಟಿಯ ಕಡೆಯಲ್ಲದೆ ಹಿತ್ತಿಲಿನ ಕಡೆಗೆ ಇನ್ನೊಂದು ಬಾಗಿಲನ್ನಿಡಿಸಿದೆವು. ಹಳೆಯ ಮನೆಯ ಅಂದ ಕೆಟ್ಟಿತೆಂದು ಯಾರೋ ಹೇಳಿದರು. ಕೆಡಲಿ. ಮಕ್ಕಳು ಓಡಿ ಹೊರಕ್ಕೆ ಬರಲಾಗದ ಮನೆ ಎಷ್ಟು ಪುರಾತನವಾಗಿದ್ದರೇನು? ಸರ್ವೋಚ್ಚ ನ್ಯಾಯಾಲಯವೂ ೨೦೦೯ರಲ್ಲಿ, ಮಗುವಿಗೆ ವಿದ್ಯೆಯ ಹಕ್ಕಿನಲ್ಲಿ ಭಯವಿಲ್ಲದ ಶಾಲೆಯ ಹಕ್ಕೂ ಅಡಕವಾಗಿದೆಯೆಂದು ತೀರ್ಪಿತ್ತಿತು.

೨೦೦೬ರಲ್ಲಿ ನನಗೆ ಬೇರೆ ಊರಿಗೆ ವರ್ಗವಾಯಿತು. ವಿದ್ಯೆಯ ಹಕ್ಕಿನ ಕಾಯಿದೆ ೨೦೧೦ರ ಏಪ್ರಿಲಿನಿಂದ ಜಾರಿಗೆ ಬಂದು, ಮೇಷ್ಟರೊಬ್ಬರಿಗೆ ಒಂದು ಕೊಠಡಿ, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಗೃಹ, ಕುಡಿಯುವ ನೀರು, ಆಟದ ಬಯಲು ಇವಿರಬೇಕೆಂದು ಗೊತ್ತುಮಾಡಿತು. ಅದು ನ್ಯಾಯವೇ. ಊರಿನ ಹೊರಗೆ ಸಿಮೆಂಟಿನ ಕೊಠಡಿಗಳು ಎದ್ದುವು. ಶಾಲೆ ಅಲ್ಲಿಗೆ ಹೋಯಿತು. ಹಳೆಯ ಮನೆಗೆ ಬೀಗ ಬಿತ್ತು. ಐದು ವರ್ಷದ ಬೀಗ ಒಂದು ಕೋಣೆಗೆ ಏನು ಮಾಡಿತ್ತೆಂಬುದನ್ನು ಹೇಳಿದ್ದೇನೆ. ಈಗ ಬೀಗ ಬಿದ್ದುದು ಮನೆಗೆಲ್ಲ, ಹತ್ತು ವರ್ಷಕ್ಕೂ ಮೇಲೆ. ನಾನು ನಿವೃತ್ತನಾದ ಮೇಲೆ ಒಮ್ಮೆ ಹೋಗಿ ನೋಡಿದಾಗ ಮಾಳಿಗೆಯ ಮೇಲೆ ಹುಲ್ಲು ಬೆಳೆದಿತ್ತು. ತೊಟ್ಟಿಯ ಹನ್ನೆರಡು ಕಂಬಗಳಲ್ಲಿ ಮೂರರ ಬುಡ ಮೆತ್ತಗಾಗಿತ್ತು.

ಕಳೆದ ವರ್ಷ ಊರಿನಲ್ಲಿ ಸಭೆ ಸೇರಿದರು. ನನ್ನನ್ನೂ ಕರೆದಿದ್ದರು. ಬೆಂಗಳೂರಿನಿಂದ ಹಳೆಯ ಕಂಬ, ಬಾಗಿಲುಗಳನ್ನು ಕೊಳ್ಳುವವರು ಬಂದು ಒಳ್ಳೆಯ ಬೆಲೆ ಹೇಳಿಹೋಗಿದ್ದರು. ಮಾರಿ ಬಂದ ಹಣದಲ್ಲಿ ಮನೆಯಿದ್ದ ಎಡೆಯಲ್ಲಿ ರಂಗಮಂದಿರ ಕಟ್ಟಬಹುದೆಂದು ಕೆಲವರ ಅಭಿಪ್ರಾಯ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ೨೦೧೯ರಿಂದ ಹಳ್ಳಿಯ ಗ್ರಂಥಾಲಯಗಳು ಗ್ರಾಮ ಪಂಚಾಯತಿಗಳ ಆಡಳಿತಕ್ಕೆ ಬಂದು ಅರಿವು ಕೇಂದ್ರಗಳೆನಿಸಿರುವುದು ವಾಚಕರಿಗೆ ತಿಳಿದಿರಬಹುದು. ಅದಕ್ಕೆ ಈ ಮನೆಯನ್ನು ಕೊಟ್ಟರೆ ಮಾಸ್ತಿಯವರ ಮನೆಯಂತೆ ಇದೂ ಉಳಿದೀತೆಂದು ನಾನು ಹೇಳಿದೆ. ಮನೆಯನ್ನೂ ಕೊಟ್ಟಿಗೆಯನ್ನೂ ಇದ್ದಂತೆಯೇ ದುರಸ್ತಿಮಾಡಿ ಉಳಿಸೋಣವೆಂದೆ.

ಆಗ ಪಂಚಾಯತಿಯ ಸದಸ್ಯರೊಬ್ಬರು ಎದ್ದರು. ಕೇರಿಯವರು, ನನ್ನ ಶಿಷ್ಯರೇ. ನಡುಮನೆಗೆ ಬಂದ ಮೊದಲನೆಯ ತಂಡದವರು. "ಮನೆ ಇರಲಿ ಮೇಷ್ಟ್ರೇ. ನಾನು ಅಕ್ಷರ ತಿದ್ದಿದ್ದು ನಡುಮನೇಲಿ. ಆದ್ರೆ ಕೊಟ್ಟಿಗೆ ಯಾಕೆ? ನಮ್ಮ ತಾತ ಅಲ್ಲೇ ಜೀತಕ್ಕಿದ್ದ. ದನದ ಪಕ್ಕದಲ್ಲೇ ಮಲಗೋನು. ಅದಕ್ಕೆ ಬಣ್ಣ ಬಳಿದು ಇಟ್ಟುಕೊಳ್ಳೋದು ಯಾರ ಸಂತೋಷಕ್ಕೆ?" ಎಂದರು.

ಸಭೆ ಸ್ತಬ್ಧವಾಯಿತು. ಜೀತವನ್ನು ರದ್ದುಮಾಡಿದ ಕಾಯಿದೆ ಬಂದುದು ೧೯೭೬ರಲ್ಲಿ. ಅಲ್ಲಿದ್ದವರಲ್ಲಿ ಅದಕ್ಕೆ ಹಿಂದಿನದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದರು. ಕೊಟ್ಟಿಗೆಯ ಮೇಲೆ ನನಗೆ ಪ್ರೀತಿ ಹೆಚ್ಚು. ಗೋದಲೆಯ ನುಣುಪು, ಬಿಸಿಲಿನ ಚೌಕ, ಜಂತೆಯ ಮಗ್ಗಿ, ಇವೆಲ್ಲ ನನ್ನ ಬಾಳಿನ ಒಳ್ಳೆಯ ವರ್ಷಗಳು. ಗೋಶಾಲೆ ಪಾಠಶಾಲೆಯಾದುದನ್ನು ನಾನು ಹಲವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿದ್ದೂ ಉಂಟು. ಆದರೆ ಆ ಕೊಟ್ಟಿಗೆಯಲ್ಲಿ ಮಲಗಿದವರು ನಮ್ಮ ಅಜ್ಜನಲ್ಲ. ಆ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಅವರದು. ನಾನು ಕುಳಿತುಕೊಂಡೆ.

ಆಮೇಲೆ ಮಾತು ತಾನಾಗಿ ಬೇರೆ ದಾರಿ ಹಿಡಿಯಿತು. ಹಳೆಯ ಆಚಾರರ ಮಗ ಈಗ ಆ ಕೆಲಸ ಮಾಡುತ್ತಾರೆ. ಮನೆಯ ಮೂರು ಕಂಬ, ಎಂಟೊಂಬತ್ತು ಜಂತೆಗಳಿಗೆ ಹೊಸ ಮರ ತರುವುದೆಂದರೆ ಪಂಚಾಯತಿಯ ಹಣ ಸಾಲದು, ಕೊಟ್ಟಿಗೆಯ ಮರ ಹೆಂಚಿನ ಕೆಳಗಿದ್ದು ಇನ್ನೂ ಗಟ್ಟಿಯಾಗಿದೆ, ಅದನ್ನು ಕೆಡವದೆ ಬಿಚ್ಚಿದರೆ ಮನೆಗೆ ಸಾಲುತ್ತದೆ ಎಂದು ಅವರು ಲೆಕ್ಕಹಾಕಿ ಹೇಳಿದರು. ಮರದ ಮನೆಗೆ ಇದೊಂದು ಗುಣವುಂಟು. ಸಿಮೆಂಟಿನದನ್ನು ಒಡೆಯಬಹುದು, ಬಿಚ್ಚಲಾಗದು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಊರೂರಿನ ಹಳೆಯ ಮನೆಗಳನ್ನು ಹೀಗೆಯೇ ಬಿಚ್ಚಿ, ತುಂಡುತುಂಡಿಗೆ ಗುರುತುಹಾಕಿ ತಂದು, ಮತ್ತೆ ನಿಲ್ಲಿಸಿ ಒಂದು ಊರನ್ನೇ ಮಾಡಿದರು. ನಮ್ಮ ಹಳ್ಳಿಯವರಿಗೆ ಅಷ್ಟು ದೂರ ಸಾಗಿಸುವ ಶ್ರಮವಿರಲಿಲ್ಲ. ಹಿತ್ತಿಲಿನಿಂದ ಒಳಕ್ಕೆ ತಂದರೆ ಆಗಿತ್ತು. ಸದಸ್ಯರು ಒಪ್ಪಿದರು.

ಮಾಘಮಾಸದಲ್ಲಿ ಬಿಚ್ಚುವ ಕೆಲಸ ಆರಂಭವಾಯಿತು. ಬೆಣೆಯನ್ನು ತಲೆಕೆಳಗಾಗಿ ಹೊಡೆದು ತೆಗೆಯುವುದು, ತೊಲೆಯನ್ನು ಹಗ್ಗದಲ್ಲಿ ಮೆಲ್ಲಗೆ ಇಳಿಸುವುದು, ಪ್ರತಿಯೊಂದಕ್ಕೂ ಸುಣ್ಣದಲ್ಲಿ ಅಂಕೆ ಬರೆಯುವುದು. ಅಂಕೆ ಬರೆದವರು ಹೊಸ ಶಾಲೆಯ ಮಕ್ಕಳು; ಆದುದರಿಂದ ಹದಿನೇಳು ಎಂಬ ಅಂಕೆಯ ತೊಲೆಗಳು ಮೂರು ಇವೆ. ಕೊಟ್ಟಿಗೆಯ ಹತ್ತು ಕಂಬಗಳಲ್ಲಿ ಮೂರು ಈಗ ತೊಟ್ಟಿಯಲ್ಲಿ ನಿಂತಿವೆ. ಎತ್ತರ ಸ್ವಲ್ಪ ಕಡಮೆಯಾದ್ದರಿಂದ ಕೆಳಗಿನ ಕಲ್ಲನ್ನು ಎತ್ತರಿಸಿದ್ದಾರೆ. ಉಳಿದ ಒಂಬತ್ತಕ್ಕೂ ಅವಕ್ಕೂ ಬಣ್ಣದಲ್ಲಿ ವ್ಯತ್ಯಾಸ ಕಾಣುತ್ತದೆ. ಒಂದರಲ್ಲಿ ಮೊಣಕಾಲೆತ್ತರಕ್ಕೆ ದನ ಕಟ್ಟುತ್ತಿದ್ದ ಹಗ್ಗದ ತೋಡು ಹಾಗೆಯೇ ಇದೆ. ಅದನ್ನು ತುಂಬಿ ಮುಚ್ಚಿಬಿಡಲೆ ಎಂದು ಆಚಾರರು ಕೇಳಿದಾಗ ಸದಸ್ಯರು ಬೆರಳಿಟ್ಟು ನೋಡಿ, ಬೇಡವೆಂದರಂತೆ.

ಗೋದಲೆಯನ್ನು ಏನು ಮಾಡುವುದೆಂದು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಕಣದಲ್ಲಿ ಬಿದ್ದಿದೆ. ದೇವರ ಮನೆಯ ಮೇಲೆ ಮಣ್ಣು ಬಡಿಯುವುದು ಬಾಕಿ. ಮುಂಗಾರಿಗೆ ಮುಂಚೆ ಮುಗಿಸುತ್ತೇನೆಂದು ಆಚಾರರು ಮಾತು ಕೊಟ್ಟಿದ್ದಾರೆ. ಅವರ ತಂದೆಯೂ ಹಾಗೆಯೇ ಕೊಡುತ್ತಿದ್ದರು.